ಕೇಬಲ್ ಹಾಕಿದ್ದರೂ "ಕೇಬಲ್ ಇಲ್ಲ" ಅಂತಿದೆ, ಪೋರ್ಟಿನ ದೀಪ ಹತ್ತಿ ಹತ್ತಿ ಆರ್ತಿದೆ

ಮೇಜಿನಮೂಲೆ · ಶನಿವಾರ, ಬೆಳಿಗ್ಗೆ 9:20

ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದಿದ್ದೇನೆ, ಗೊತ್ತಿದ್ದವರು ದಯವಿಟ್ಟು ದಾರಿ ಹೇಳಿ.

ನನ್ನದು ಡೆಸ್ಕ್‌ಟಾಪ್, ವಿಂಡೋಸ್ 11. ವೈಫೈ ಕಾರ್ಡ್ ಇಲ್ಲ, ಮದರ್‌ಬೋರ್ಡಿನಲ್ಲಿರುವ ಈಥರ್ನೆಟ್ ಪೋರ್ಟ್ ಒಂದೇ ಗತಿ. ರೂಟರ್ ಇರೋದು ಹಾಲ್‌ನಲ್ಲಿ. ಅಲ್ಲಿಂದ ಗೋಡೆಯೊಳಗೆ ಕೇಬಲ್ ಬಂದು ನನ್ನ ಕೋಣೆಯ ಸಾಕೆಟ್ ಸೇರುತ್ತೆ. ಸಾಕೆಟ್ಟಿನಿಂದ ಕಂಪ್ಯೂಟರಿಗೆ ಎರಡು ಮೀಟರಿನ ಚಿಕ್ಕ ಕೇಬಲ್. ಎರಡು ವರ್ಷ ಒಂದು ದಿನವೂ ತಕರಾರು ಇರಲಿಲ್ಲ. ಬುಧವಾರ ಸಂಜೆ ಕೆಲಸ ಮಾಡ್ತಾ ಇದ್ದ ಹಾಗೇ ನೆಟ್ ಹೋಯಿತು. ಅಡಾಪ್ಟರಿನ ಕೆಳಗೆ "ನೆಟ್‌ವರ್ಕ್ ಕೇಬಲ್ ಅನ್‌ಪ್ಲಗ್ಡ್" ಅಂತ ಬರೆದಿದೆ. ಕೇಬಲ್ ಹಾಕಿಯೇ ಇದೆ!

ಫೋನಿನಲ್ಲಿ ಅದೇ ರೂಟರಿನ ವೈಫೈ ಚೆನ್ನಾಗಿ ನಡೀತಿದೆ, ಹಾಗಾಗಿ ಇಂಟರ್ನೆಟ್ ಕನೆಕ್ಷನ್ನೇ ಹೋಗಿದೆ ಅನ್ನೋ ಹಾಗಿಲ್ಲ.

ಇಲ್ಲಿವರೆಗೆ ಮಾಡಿದ್ದು: ವಿಂಡೋಸಿನ ಟ್ರಬಲ್‌ಶೂಟರ್ ಓಡಿಸಿದೆ. ನೆಟ್‌ವರ್ಕ್ ರೀಸೆಟ್ ಮಾಡಿದೆ. ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವರ್ ತೆಗೆದು ರೀಸ್ಟಾರ್ಟ್ ಮಾಡಿದೆ, ತಾನಾಗೇ ಮತ್ತೆ ಬಂತು, ಹಳದಿ ಗುರುತೇನೂ ಇಲ್ಲ. ಹೊಸ ಐಪಿ ವಿಳಾಸ ಕೇಳೋ ಐಪಿಕಾನ್ಫಿಗ್ ರಿನ್ಯೂ ಕಮಾಂಡ್ ಕೊಟ್ಟರೆ "ಮೀಡಿಯಾ ಡಿಸ್‌ಕನೆಕ್ಟೆಡ್" ಅನ್ನುತ್ತೆ. ಸ್ಟ್ಯಾಟಿಕ್ ಐಪಿ, ಅಂದರೆ ಕೈಯಿಂದ ತುಂಬೋ ವಿಳಾಸ, ಹಾಕಿ ನೋಡು ಅಂತ ಗೆಳೆಯರೊಬ್ಬರು ಹೇಳಿದ್ದಕ್ಕೆ 192.168.1.20 ಹಾಕಿದೆ, ಪ್ರಯೋಜನ ಆಗಲಿಲ್ಲ. ಕೇಬಲ್ಲೂ ಬದಲಿಸಿದೆ, ಹೊಸದು ಹಾಕಿದರೂ ಅದೇ ಕಥೆ.

ಸೋಮವಾರ ಬೆಳಿಗ್ಗೆ ಒಳಗೆ ಸುಮಾರು 40 ಜಿಬಿಯ ವಿಡಿಯೋ ಫೈಲುಗಳನ್ನ ಕಳಿಸಲೇಬೇಕು. ಫೋನಿನ ಹಾಟ್‌ಸ್ಪಾಟ್‌ನಲ್ಲಿ ಅದು ಮುಗಿಯೋ ಮಾತಲ್ಲ.

ರಾತ್ರಿಪಾಳಿ · 9:41

ಮೊದಲು ಇದನ್ನ ಮಾಡಿ, ಐದು ನಿಮಿಷದ ಕೆಲಸ. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪವರ್ ಕೇಬಲ್ಲನ್ನೇ ಗೋಡೆಯಿಂದ ಕಿತ್ತುಬಿಡಿ. ಪವರ್ ಬಟನ್ ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಪ್ಲಗ್ ಹಾಕಿ ಆನ್ ಮಾಡಿ.

ಯಾಕೆ ಅಂದರೆ ಕಂಪ್ಯೂಟರ್ ಆಫ್ ಆದರೂ ನೆಟ್‌ವರ್ಕ್ ಚಿಪ್ ಪೂರ್ತಿ ಆಫ್ ಆಗಲ್ಲ. ನೆಟ್‌ವರ್ಕ್ ಮೂಲಕ ಕಂಪ್ಯೂಟರ್ ಎಬ್ಬಿಸೋ ವೇಕ್ ಆನ್ ಲ್ಯಾನ್‌ಗೋಸ್ಕರ 5 ವೋಲ್ಟಿನ ಸ್ಟ್ಯಾಂಡ್‌ಬೈ ಕರೆಂಟ್ ಅದಕ್ಕೆ ಹೋಗ್ತಾನೇ ಇರುತ್ತೆ. ಜೊತೆಗೆ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಅಂತ ಒಂದಿದೆ, ಶಟ್‌ಡೌನ್ ಕೊಟ್ಟರೆ ವಿಂಡೋಸಿನ ತಿರುಳಾದ ಕರ್ನಲ್ಲನ್ನ ಡಿಸ್ಕಿಗೆ ಬರೆದು ಮಲಗಿಸುತ್ತೆ ಅಷ್ಟೇ. ಹಾಗಾಗಿ ಚಿಪ್ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಎಷ್ಟು ಸಲ ಶಟ್‌ಡೌನ್ ಮಾಡಿದರೂ ಅದೇ ಸ್ಥಿತಿಯಲ್ಲಿ ಎದ್ದು ಕೂರುತ್ತೆ. ರಾತ್ರಿ ಪಾಳಿಯಲ್ಲಿ ನನಗೆ ಬರೋ ಕರೆಗಳಲ್ಲಿ ಎಷ್ಟೋ ಇದರಲ್ಲೇ ಮುಗಿಯುತ್ತವೆ.

ಮೇಜಿನಮೂಲೆ · 10:05

ಮಾಡಿದೆ. ಏನೂ ಬದಲಾಗಲಿಲ್ಲ. ಆದರೆ ಪ್ಲಗ್ ಹಾಕೋವಾಗ ಹಿಂದೆ ಬಗ್ಗಿದ್ದೆ, ಪೋರ್ಟಿನ ದೀಪ ಒಮ್ಮೆ ಹತ್ತಿ ಆರಿದ್ದು ಕಂಡಿತು. ಅದು ಹೀಗೇ ಇರಬೇಕಾ?

ತಾಮ್ರದತಂತಿ · 10:32

ಆ ದೀಪದಿಂದಲೇ ಶುರು ಮಾಡೋಣ. ಇನ್ನು ಮುಂದೆ ಕಮಾಂಡುಗಳನ್ನು ಸ್ವಲ್ಪ ಹೊತ್ತು ಮುಟ್ಟಬೇಡಿ.

ಐಪಿ ವಿಳಾಸ, ಡಿಎನ್‌ಎಸ್ (ವೆಬ್‌ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕುವುದು), ಫೈರ್‌ವಾಲ್ ಇವೆಲ್ಲ ಮೇಲಿನ ಅಂತಸ್ತುಗಳು. ಅವೆಲ್ಲಕ್ಕೂ ಕೆಳಗೆ ಎರಡು ತುದಿಯ ಚಿಪ್‌ಗಳು ತಂತಿಯ ಮೇಲೆ ಒಂದನ್ನೊಂದು ಗುರುತು ಹಿಡಿದು, ಇಂಥ ವೇಗದಲ್ಲಿ ಮಾತಾಡೋಣ ಎಂದು ಒಪ್ಪಿಕೊಳ್ಳುವ ಹಂತ ಇದೆ. ಅದಕ್ಕೆ ಲಿಂಕ್ ಎನ್ನುತ್ತೇವೆ. ಲಿಂಕ್ ಕೂಡಿ ಉಳಿದರೆ ಪೋರ್ಟಿನ ಒಂದು ದೀಪ ಸ್ಥಿರವಾಗಿ ಉರಿಯುತ್ತದೆ, ಇನ್ನೊಂದು ದತ್ತಾಂಶ ಓಡಾಡಿದಾಗ ಮಿನುಗುತ್ತದೆ. "ಕೇಬಲ್ ಅನ್‌ಪ್ಲಗ್ಡ್" ಎಂದರೆ ಲಿಂಕೇ ಇಲ್ಲ. ಲಿಂಕ್ ಇಲ್ಲದಿರುವಾಗ ಐಪಿ ರಿನ್ಯೂ ಮಾಡುವುದು ಫೋನ್ ರಿಂಗೇ ಆಗದಿರುವಾಗ ಹಲೋ ಎಂದಂತೆ. ನೀವು ಮೂರು ದಿನ ಮಾಡಿದ ಕೆಲಸ ಬಹುಪಾಲು ಮೇಲಿನ ಅಂತಸ್ತಿನದು. ತಪ್ಪಲ್ಲ, ಜಾಗ ಬೇರೆ ಅಷ್ಟೇ.

ಇವುಗಳಿಗೆ ಉತ್ತರ ಕೊಡಿ. ದೀಪ ಎಷ್ಟು ಹೊತ್ತು ಹತ್ತಿರುತ್ತದೆ, ಎಷ್ಟು ಹೊತ್ತು ಆರಿರುತ್ತದೆ, ಎಣಿಸಿ. ಆ ಕೇಬಲ್ ಸೇರಿರುವ ರೂಟರ್ ಪೋರ್ಟಿನ ದೀಪವೂ ಅದೇ ಲಯದಲ್ಲಿ ಆರುತ್ತದೆಯೇ? ರೂಟರಿನಲ್ಲಿ ಬೇರೆ ಪೋರ್ಟಿಗೆ ಬದಲಿಸಿ ನೋಡಿದಿರಾ? ಬೇರೆ ಯಾವುದಾದರೂ ಕಂಪ್ಯೂಟರನ್ನು ಅದೇ ತಂತಿಗೆ ಹಾಕಿ ನೋಡಲು ಸಾಧ್ಯವೇ? ಕೊನೆಯದು: ಮಂಗಳವಾರ, ಬುಧವಾರ ಆ ಕೋಣೆಯಲ್ಲಿ ಏನು ಬದಲಾಯಿತು? ಅಪ್‌ಡೇಟ್ ಮಾತ್ರವಲ್ಲ, ಮೇಜು ಕುರ್ಚಿ ಜರುಗಿಸಿದ್ದರೂ ಹೇಳಿ.

ಆ ಸ್ಟ್ಯಾಟಿಕ್ ಐಪಿಯನ್ನು ಈಗಲೇ ತೆಗೆದು ಆಟೋಮ್ಯಾಟಿಕ್‌ಗೆ ಮರಳಿಸಿ. ಅದು ಈಗಿನ ದೋಷಕ್ಕೆ ಮದ್ದಲ್ಲ, ನಾಳೆ ಇನ್ನೊಂದು ದೋಷವಾಗಿ ಕಾಡುತ್ತದೆ.

ಮೇಜಿನಮೂಲೆ · 11:18

ಟಾರ್ಚ್ ಹಿಡಿದು ಮೇಜಿನ ಕೆಳಗೆ ಕೂತು ನೋಡಿದೆ. ಹಸಿರು ದೀಪ ಹತ್ತುತ್ತೆ, ಪಕ್ಕದ ಹಳದಿ ಎರಡು ಮೂರು ಸಲ ಮಿನುಗುತ್ತೆ, ನಾಲ್ಕು ಐದು ಸೆಕೆಂಡಿಗೆ ಎರಡೂ ಆರುತ್ತವೆ. ಮೂರು ಸೆಕೆಂಡ್ ಕತ್ತಲೆ. ಮತ್ತೆ ಹಸಿರು. ಹತ್ತು ನಿಮಿಷ ನೋಡಿದೆ, ಹೀಗೇ ನಡೀತಾ ಇದೆ. ಮನೆಯವರನ್ನ ರೂಟರ್ ಹತ್ತಿರ ನಿಲ್ಲಿಸಿ "ಈಗ ಆರಿತು, ಈಗ ಹತ್ತಿತು" ಅಂತ ಕೂಗಿಸಿದೆ, ಎರಡೂ ಕಡೆ ಒಟ್ಟಿಗೇ ಆಗುತ್ತೆ. ರೂಟರಿನ ನಾಲ್ಕೂ ಪೋರ್ಟಲ್ಲಿ ನೋಡಿದೆ, ಅದೇ.

ಮುಖ್ಯವಾದ್ದು ಇದು: ಒಂದು ಹಳೇ ಲ್ಯಾಪ್‌ಟಾಪ್ ಇತ್ತು, ಅದನ್ನ ತಂದು ಇದೇ ಕೇಬಲ್ಲಿಗೆ ಹಾಕಿದೆ. ಅದರಲ್ಲಿ ನೆಟ್ ಬರುತ್ತಿದೆ! ಅರ್ಧ ಗಂಟೆಯಿಂದ ವಿಡಿಯೋ ಓಡ್ತಿದೆ, ಒಂದು ಸಲವೂ ನಿಂತಿಲ್ಲ. ಅಂದರೆ ಕೇಬಲ್ ಸರಿ ಇದೆ, ನನ್ನ ಡೆಸ್ಕ್‌ಟಾಪಿನ ಪೋರ್ಟೇ ಹೋಗಿದೆ ಅಂತಾಯಿತಲ್ಲ?

ಕೋಣೆಯಲ್ಲಿ ಏನೂ ಬದಲಾಗಿಲ್ಲ ಅಂದುಕೊಂಡಿದ್ದೇನೆ.

ಹೊಸಕಲಿಕೆ · 11:30

ಹಾಗಾದರೆ ಪೋರ್ಟ್ ಹೋಗಿರೋದು ಖಂಡಿತ. ಒಂದು ಯುಎಸ್‌ಬಿ ಈಥರ್ನೆಟ್ ಅಡಾಪ್ಟರ್ ತಗೊಳ್ಳಿ, ಸೋಮವಾರದೊಳಗೆ ಕೆಲಸ ಆಗುತ್ತೆ. ನನಗೂ ಒಂದು ಈಥರ್ನೆಟ್ ಸಮಸ್ಯೆ ಇದೆ, ನಿಮ್ಮದು ಮುಗಿದ ಮೇಲೆ ಕೇಳ್ತೀನಿ.

ರಾತ್ರಿಪಾಳಿ · 11:44

ನನಗೂ ಪೋರ್ಟೇ ಅನ್ನಿಸ್ತಿದೆ. ಮಿಂಚು ಗುಡುಗು ಇದ್ದ ದಿನ ಕೇಬಲ್ ಮೂಲಕ ಬಂದ ಸರ್ಜ್‌ಗೆ ಪೋರ್ಟ್ ಅರ್ಧ ಸುಟ್ಟು, ಹೀಗೆ ಹತ್ತಿ ಆರೋದನ್ನ ನೋಡಿದ್ದೇನೆ. ಪವರ್ ಕಡೆ ಸರ್ಜ್ ಪ್ರೊಟೆಕ್ಟರ್ ಇದ್ದರೂ ನೆಟ್‌ವರ್ಕ್ ತಂತಿ ಕಡೆ ಯಾರೂ ಹಾಕಿರಲ್ಲ. ಬುಧವಾರ ಹಾಗೇನಾದರೂ ಆಗಿತ್ತಾ?

ಎಂಟುಪಿನ್ನು · ಮಧ್ಯಾಹ್ನ 12:10

ದಯವಿಟ್ಟು ಇನ್ನೂ ಏನನ್ನೂ ಕೊಳ್ಳಬೇಡಿ. ಒಂದೇ ಪ್ರಶ್ನೆ: ಆ ಹಳೇ ಲ್ಯಾಪ್‌ಟಾಪಿನಲ್ಲಿ ಈಥರ್ನೆಟ್ ಸ್ಟೇಟಸ್ ತೆರೆದರೆ ಸ್ಪೀಡ್ ಎಷ್ಟು ತೋರಿಸುತ್ತೆ? ಸ್ಪೀಡ್ ಟೆಸ್ಟ್ ಅಲ್ಲ, ಲಿಂಕ್ ಸ್ಪೀಡ್.

ಮೇಜಿನಮೂಲೆ · 12:16

100 ಎಂಬಿಪಿಎಸ್ ಅಂತಿದೆ. ಡೆಸ್ಕ್‌ಟಾಪಿನಲ್ಲಿ ಮುಂಚೆ 1 ಜಿಬಿಪಿಎಸ್ ಇರ್ತಿತ್ತು, ಅದು ನೆನಪಿದೆ.

ಎಂಟುಪಿನ್ನು · 12:48

ಅಲ್ಲೇ ಇದೆ ಗಂಟು. ನಿಮ್ಮ ಲ್ಯಾಪ್‌ಟಾಪ್ ಸುಳ್ಳು ಹೇಳುತ್ತಿಲ್ಲ, ಆದರೆ ಪೂರ್ತಿ ಸಾಕ್ಷಿಯನ್ನೂ ಹೇಳುತ್ತಿಲ್ಲ. ಸ್ವಲ್ಪ ಬಿಡಿಸಿ ಬರೀತೀನಿ.

ಈಥರ್ನೆಟ್ ಕೇಬಲ್ಲಿನ ಒಳಗೆ ಎಂಟು ತಂತಿ, ಎರಡೆರಡು ಹೊಸೆದು ನಾಲ್ಕು ಜೋಡಿ: ಕಿತ್ತಳೆ, ಹಸಿರು, ನೀಲಿ, ಕಂದು. 100 ಎಂಬಿಪಿಎಸ್ ಈಥರ್ನೆಟ್ ಬಳಸೋದು ಬರೀ ಎರಡು ಜೋಡಿ, ಪಿನ್ 1, 2 ಮತ್ತು 3, 6. ತಂತಿಗಳನ್ನ ಜೋಡಿಸೋ ಮಾಮೂಲಿ 568ಬಿ ಬಣ್ಣದ ಕ್ರಮದಲ್ಲಿ ಅವು ಕಿತ್ತಳೆ ಮತ್ತು ಹಸಿರು. ನೀಲಿ, ಕಂದು ಜೋಡಿಗಳನ್ನ ನೀವು ಕತ್ತರಿಸಿ ಎಸೆದರೂ 100ರ ಲಿಂಕಿಗೆ ಅದು ಗೊತ್ತೇ ಆಗಲ್ಲ. ಗಿಗಾಬಿಟ್ ಹಾಗಲ್ಲ. ಅದಕ್ಕೆ ನಾಲ್ಕೂ ಜೋಡಿ ಬೇಕು, ನಾಲ್ಕರಲ್ಲೂ ಏಕಕಾಲಕ್ಕೆ ಎರಡೂ ದಿಕ್ಕಿಗೆ ದತ್ತಾಂಶ ಹರಿಯುತ್ತೆ.

ಈಗ ತಮಾಷೆ ಅಲ್ಲದ ಭಾಗ. ಕೇಬಲ್ ಹಾಕಿದ ಕೂಡಲೇ ಎರಡು ತುದಿಯವರೂ "ನನಗೆ 10 ಬರುತ್ತೆ, 100 ಬರುತ್ತೆ, 1000 ಬರುತ್ತೆ" ಅಂತ ಹೇಳಿಕೊಳ್ತಾರಲ್ಲ, ಆಟೋ ನೆಗೋಷಿಯೇಷನ್, ಆ ಮಾತುಕತೆ ನಡೆಯೋದು 1, 2 ಮತ್ತು 3, 6ರ ಮೇಲೆ ಮಾತ್ರ. ಆ ಎರಡು ಜೋಡಿ ಸರಿ ಇದ್ದರೆ ಇಬ್ಬರೂ ಸಲೀಸಾಗಿ "1000ಕ್ಕೆ ಹೋಗೋಣ" ಅಂತ ಒಪ್ಪಿಬಿಡ್ತಾರೆ. ಒಪ್ಪಿದ ಮೇಲೆ ನಾಲ್ಕೂ ಜೋಡಿಯಲ್ಲಿ ಸಂಜ್ಞೆ ಹೊಂದಿಸಿಕೊಳ್ಳೋಕೆ ಹೋದರೆ ಒಂದು ಜೋಡಿಯಲ್ಲಿ ಉತ್ತರ ಇಲ್ಲ, ಅಥವಾ ಬಂದ ಹಾಗೆ ಬಂದು ಕಡಿದು ಹೋಗುತ್ತೆ. ಲಿಂಕ್ ಬೀಳುತ್ತೆ. ಮತ್ತೆ ಮೊದಲಿಂದ ಮಾತುಕತೆ, ಮತ್ತೆ 1000ಕ್ಕೆ ಒಪ್ಪಿಗೆ, ಮತ್ತೆ ಬೀಳೋದು. ನೀವು ಟಾರ್ಚ್ ಹಿಡಿದು ನೋಡಿದ ಐದು ಸೆಕೆಂಡ್, ಮೂರು ಸೆಕೆಂಡ್ ಇದೇ ಇರಬಹುದು. ಕೆಲವು ಚಿಪ್‌ಗಳು ಎರಡು ಮೂರು ಸಲ ಸೋತ ಮೇಲೆ ತಾವಾಗೇ 100ಕ್ಕೆ ಇಳಿದು ನಿಲ್ಲುತ್ತವೆ, ಡೌನ್‌ಶಿಫ್ಟ್ ಅಂತಾರೆ. ನಿಮ್ಮದು ಇಳಿಯದೆ ಸುತ್ತುತ್ತಾ ಇರೋ ಹಾಗೆ ಕಾಣುತ್ತೆ.

ಲ್ಯಾಪ್‌ಟಾಪಿನ ಪೋರ್ಟಿಗೆ 1000 ಬರೋದೇ ಇಲ್ಲ, ಅದು ಆ ಎರಡು ಜೋಡಿಯಲ್ಲೇ ನೆಮ್ಮದಿಯಾಗಿದೆ. ಹಾಗಾಗಿ ಅದು ನಡೆಯಿತು ಅನ್ನೋದರಿಂದ ಕೇಬಲ್ ಅರ್ಧ ಸರಿ ಇದೆ ಅಂತ ಮಾತ್ರ ಗೊತ್ತಾಗುತ್ತೆ.

ಎರಡು ಪರೀಕ್ಷೆ ಮಾಡಿ, ಒಂದಾದ ಮೇಲೆ ಒಂದು. ಮೊದಲನೆಯದು, ಡೆಸ್ಕ್‌ಟಾಪನ್ನ ಹೊತ್ತುಕೊಂಡು ಹೋಗಿ ರೂಟರ್ ಪಕ್ಕ ಇಟ್ಟು, ನಿಮ್ಮ ಹೊಸ ಚಿಕ್ಕ ಕೇಬಲ್ಲಿನಿಂದ ನೇರ ಜೋಡಿಸಿ. ಗೋಡೆಯ ತಂತಿ ಮಧ್ಯೆ ಬರಬಾರದು. ಅಲ್ಲಿ 1 ಜಿಬಿಪಿಎಸ್ ನಿಂತರೆ ಪೋರ್ಟ್ ನಿರಪರಾಧಿ. ಎರಡನೆಯದು, ಮತ್ತೆ ಕೋಣೆಗೆ ತಂದು ಸಾಕೆಟ್ಟಿಗೆ ಹಾಕಿ, ಡಿವೈಸ್ ಮ್ಯಾನೇಜರ್, ಅಡಾಪ್ಟರಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್‌ನಲ್ಲಿ 100 ಫುಲ್ ಡ್ಯುಪ್ಲೆಕ್ಸ್ (ಒಟ್ಟಿಗೇ ಎರಡೂ ದಿಕ್ಕಿಗೆ ಮಾತು) ಆರಿಸಿ. ದೀಪ ಆರದೆ ನಿಂತರೆ ನನ್ನ ಊಹೆ ಸರಿ. ಇದು ಪರೀಕ್ಷೆಗೆ ಮಾತ್ರ, ಹಾಗೇ ಬಿಡೋಕಲ್ಲ. ಒಂದು ಕಡೆ ಫುಲ್ ಅಂತ ಕಟ್ಟಿಹಾಕಿ ಇನ್ನೊಂದು ಕಡೆ ಆಟೋ ಬಿಟ್ಟರೆ, ಆಟೋ ಕಡೆಯದು ಎದುರಿನ ಡ್ಯುಪ್ಲೆಕ್ಸ್ ತಿಳಿಯದೆ ಹಾಫ್‌ಗೆ, ಅಂದರೆ ಒಂದು ಸಲಕ್ಕೆ ಒಂದೇ ದಿಕ್ಕಿಗೆ, ಹೋಗುತ್ತೆ. ನೆಟ್ ಬರುತ್ತೆ, ಆದರೆ ದೊಡ್ಡ ಫೈಲ್ ಕಳಿಸುವಾಗ ತೆವಳುತ್ತೆ.

ತಾಮ್ರದತಂತಿ · 1:05

ಲ್ಯಾಪ್‌ಟಾಪ್ ನಡೆಯಿತು ಎಂದು ಓದಿದಾಗ ನಾನೂ ಪೋರ್ಟಿನ ಕಡೆಗೇ ವಾಲಿದ್ದೆ. ಎಂಟುಪಿನ್ನು ಅವರು ಕೇಳಿದ ಪ್ರಶ್ನೆಯನ್ನು ನಾನು ಕೇಳಬೇಕಿತ್ತು.

ಕಪ್ಪುಪರದೆ · 1:20

ರೂಟರ್ ಹತ್ತಿರ ಹೋದಾಗ ಬೇಕಿದ್ದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಲೈವ್ ಬೂಟ್ ಮಾಡಿ ನೋಡಿ, ಇನ್‌ಸ್ಟಾಲ್ ಮಾಡೋದು ಬೇಡ. ವಿಂಡೋಸಿನ ಡ್ರೈವರ್, ಸೆಟ್ಟಿಂಗ್ ಎಲ್ಲ ಪಕ್ಕಕ್ಕೆ ಸರಿಯುತ್ತೆ. ಅಲ್ಲೂ ಲಿಂಕ್ ಬಿದ್ದರೆ ಹಾರ್ಡ್‌ವೇರ್ ಅಥವಾ ತಂತಿ, ವಿಂಡೋಸಿನಲ್ಲಿ ಬಿದ್ದು ಅಲ್ಲಿ ಮಾತ್ರ ನಿಂತರೆ ತಪ್ಪು ವಿಂಡೋಸಿನದು. ಈಥ್‌ಟೂಲ್ ಕಮಾಂಡ್ ಕೊಟ್ಟರೆ ಎದುರಿನ ತುದಿ ಯಾವ ಯಾವ ವೇಗ ಹೇಳಿಕೊಂಡಿದೆ ಅಂತ ಕೂಡ ಬರುತ್ತೆ. ಡಿಮೆಸೇಜ್ ಅನ್ನೋ ಲಿನಕ್ಸಿನ ದಾಖಲೆಯಲ್ಲಿ "ಲಿಂಕ್ ಅಪ್", "ಲಿಂಕ್ ಡೌನ್" ಸಾಲು ಸಾಲಾಗಿ ಸಮಯದ ಸಮೇತ ಬೀಳ್ತವೆ, ಟಾರ್ಚ್ ಹಿಡಿದು ಎಣಿಸೋ ಕಷ್ಟ ತಪ್ಪುತ್ತೆ.

ಲಿನಕ್ಸ್ ಬಳಸೋರು ಯಾರಾದರೂ ಇದನ್ನ ಓದ್ತಿದ್ದರೆ ಒಂದು ಮಾತು. ಹೊಸ ಗ್ರಾಫಿಕ್ಸ್ ಕಾರ್ಡೋ ಎನ್‌ವಿಎಂಇ ಡಿಸ್ಕೋ ಹಾಕಿದ ಮೇಲೆ ವೈರ್ಡ್ ನೆಟ್ ಹೋದರೆ ಮೊದಲು ಇಂಟರ್‌ಫೇಸಿನ ಹೆಸರು ನೋಡಿ. ಆ ಹೆಸರಿನಲ್ಲಿ ಪಿಸಿಐ ಬಸ್ಸಿನ ಸಂಖ್ಯೆ ಇರುತ್ತೆ. ಕಾರ್ಡ್ ಸೇರಿದಾಗ ಸಂಖ್ಯೆ ಮೂರಿದ್ದದ್ದು ನಾಲ್ಕಾಗಬಹುದು. ನಿಮ್ಮ ಕಾನ್ಫಿಗ್ ಫೈಲ್ ಹಳೇ ಹೆಸರನ್ನೇ ಹುಡುಕ್ತಾ ಕೂತಿರುತ್ತೆ. ಅದಕ್ಕೋಸ್ಕರ ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ.

ಮೇಜಿನಮೂಲೆ · ಸಂಜೆ 4:30

ರೂಟರ್ ಹತ್ತಿರ ಹೊತ್ತೊಯ್ದೆ. ಹಸಿರು ದೀಪ ಹತ್ತಿದ್ದು ಹತ್ತಿದ ಹಾಗೇ ನಿಂತಿತು! ಸ್ಟೇಟಸ್‌ನಲ್ಲಿ 1.0 ಜಿಬಿಪಿಎಸ್. ಮೂರು ದಿನದ ಮೇಲೆ ಆ ದೀಪ ನೋಡಿ ಎಷ್ಟು ಸಮಾಧಾನ ಆಯಿತು ಅಂದರೆ ಹೇಳೋಕಾಗಲ್ಲ.

ಆದರೆ ಬ್ರೌಸರ್ ತೆರೆದರೆ ಒಂದು ಪುಟವೂ ಬರಲಿಲ್ಲ. ಎದೆ ಧಸಕ್ಕೆಂದಿತು. ಲಿಂಕ್ ಇದೆ, ನೆಟ್ ಇಲ್ಲ, ಇದೇನು ಹೊಸದು?

ತಾಮ್ರದತಂತಿ · 4:38

ಗಾಬರಿ ಬೇಡ, ಈಗ ಮೇಲಿನ ಅಂತಸ್ತಿಗೆ ಬಂದಿದ್ದೀರಿ. 192.168.1.1ಕ್ಕೆ ಪಿಂಗ್ ಮಾಡಿ (ಆ ತುದಿಯಿಂದ ಉತ್ತರ ಬರುತ್ತದೆಯೇ ಎಂದು ನೋಡುವ ಕಮಾಂಡ್), ಅದು ನಿಮ್ಮ ರೂಟರಿನ ವಿಳಾಸ ಎಂದುಕೊಂಡು ಹೇಳುತ್ತಿದ್ದೇನೆ. ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ 8.8.8.8ಕ್ಕೆ. ಆಮೇಲೆ ಯಾವುದಾದರೂ ವೆಬ್‌ಸೈಟಿನ ಹೆಸರಿಗೆ. ಎಲ್ಲಿ ನಿಲ್ಲುತ್ತದೆ ಹೇಳಿ.

ಮೇಜಿನಮೂಲೆ · 4:47

ಮೊದಲೆರಡಕ್ಕೆ ಉತ್ತರ ಬಂತು. ಹೆಸರಿಗೆ "ಹೋಸ್ಟ್ ಸಿಗಲಿಲ್ಲ" ಅಂದಿತು.

ಅಯ್ಯೋ, ಸ್ಟ್ಯಾಟಿಕ್ ಐಪಿ ತೆಗೆಯಿರಿ ಅಂದಿದ್ದಿರಿ, ನಾನು ತೆಗೆದೇ ಇರಲಿಲ್ಲ. ಗೇಟ್‌ವೇ (ರೂಟರಿನ ವಿಳಾಸ) ತುಂಬಿದ್ದೆ, ಡಿಎನ್‌ಎಸ್ ಜಾಗ ಖಾಲಿ ಬಿಟ್ಟಿದ್ದೆ. ಈಗ ಎರಡನ್ನೂ ಆಟೋಮ್ಯಾಟಿಕ್‌ಗೆ ಹಾಕಿದೆ, ತಕ್ಷಣ ಎಲ್ಲ ಬಂತು. ನಾಳೆ ಇನ್ನೊಂದು ದೋಷವಾಗಿ ಕಾಡುತ್ತೆ ಅಂದಿದ್ದಿರಿ, ಸಂಜೆಗೇ ಕಾಡಿತು.

ಎರಡನೇ ಪರೀಕ್ಷೆಯೂ ಮಾಡಿದೆ. ಕೋಣೆಗೆ ತಂದು ಸಾಕೆಟ್ಟಿಗೆ ಹಾಕಿದರೆ ಮತ್ತೆ ಹತ್ತಿ ಆರೋದು ಶುರು. 100 ಫುಲ್ ಮಾಡಿದೆ, ದೀಪ ನಿಂತಿತು. ನೆಟ್ ಇದೆ! ಈ ಪೋಸ್ಟ್ ಡೆಸ್ಕ್‌ಟಾಪಿನಿಂದಲೇ ಬರೀತಿದ್ದೇನೆ. ಹಾಗಾದರೆ ತೊಂದರೆ ಇರೋದು ಗೋಡೆಯಲ್ಲಿ. ನಾನು "ಕೇಬಲ್ ಬದಲಿಸಿದೆ" ಅಂದಾಗ ಬದಲಿಸಿದ್ದು ಎರಡು ಮೀಟರ್ ಮಾತ್ರ, ಉಳಿದ ಹದಿನೈದು ಮೀಟರ್ ಹಾಗೇ ಇತ್ತು. ಆಗ ನನಗೆ ಅದು ಹೊಳೆಯಲೇ ಇಲ್ಲ.

ಎಂಟುಪಿನ್ನು · 5:10

ಗೋಡೆಯೊಳಗೆ ಸುಮ್ಮನೆ ಮಲಗಿರೋ ತಂತಿ ತಾನಾಗಿ ಕೆಡೋದು ಅಪರೂಪ. ಕೆಡೋದು ತುದಿಗಳಲ್ಲಿ, ಕೈ ಆಡೋ ಜಾಗದಲ್ಲಿ. ನಿಮ್ಮ ಕೋಣೆಯ ಸಾಕೆಟ್ಟಿನ ಮುಚ್ಚಳ ಬಿಚ್ಚಿ ಹಿಂದೆ ನೋಡಿ. ಸುತ್ತ ಕರೆಂಟಿನ ತಂತಿ ಅದೇ ಡಬ್ಬಿಯಲ್ಲಿ ಇದ್ದರೆ ಮೇನ್ ಆಫ್ ಮಾಡದೆ ಕೈ ಹಾಕಬೇಡಿ. ಬಿಚ್ಚೋ ಮೊದಲು, ಬಿಚ್ಚಿದ ಮೇಲೆ ಫೋಟೋ ತೆಗೆದುಕೊಳ್ಳಿ. ಎಂಟು ತಂತಿಯಲ್ಲಿ ಯಾವುದಾದರೂ ತನ್ನನ್ನ ಸಿಕ್ಕಿಸಿರೋ ಸೀಳಿನಿಂದ ಮೇಲೆದ್ದಿದೆಯಾ, ಬುಡದಲ್ಲಿ ಮುರಿದಿದೆಯಾ ನೋಡಿ. ರೂಟರ್ ಕಡೆಯ ಪ್ಲಗ್ಗಿನ ಲಾಕ್ ನಾಲಿಗೆ ಮುರಿದಿದ್ದರೆ ಅದೂ ಒಂದು ಕಾರಣ, ಅದನ್ನೂ ಒಮ್ಮೆ ನೋಡಿಬಿಡಿ.

ಫೈಲ್ ಕಳಿಸೋ ಅವಸರ ಇದ್ದರೆ ಈ ರಾತ್ರಿಗೆ ಡೆಸ್ಕ್‌ಟಾಪ್ ರೂಟರ್ ಪಕ್ಕವೇ ಇರಲಿ.

ಹೊಸಕಲಿಕೆ · 6:25

ಅಡಾಪ್ಟರ್ ಕೊಳ್ಳಿ ಅಂದಿದ್ದಕ್ಕೆ ಕ್ಷಮಿಸಿ, ಎರಡು ಜೋಡಿಯ ವಿಷಯ ನನಗೆ ಗೊತ್ತೇ ಇರಲಿಲ್ಲ.

ಈಗ ನನ್ನದು ಕೇಳಬಹುದಾ? ನನ್ನ ಪೋರ್ಟಿನ ದೀಪ ಸ್ಥಿರವಾಗಿದೆ, 1 ಜಿಬಿಪಿಎಸ್ ಅಂತಲೂ ಇದೆ. ಆದರೆ "ಅನ್‌ಐಡೆಂಟಿಫೈಡ್ ನೆಟ್‌ವರ್ಕ್" ಅಂತ ಬರುತ್ತೆ, ಐಪಿ ನೋಡಿದರೆ 169.254 ಅಂತ ಶುರುವಾಗೋ ಯಾವುದೋ ನಂಬರ್. ಅದೇ ಕೇಬಲ್ ಕಿತ್ತು ತಂಗಿಯ ಕಂಪ್ಯೂಟರಿಗೆ ಹಾಕಿದರೆ ಚೆನ್ನಾಗಿ ನಡೆಯುತ್ತೆ, ಅದೂ 1 ಜಿಬಿಪಿಎಸ್. ಈ ಸಲ ಸರಿಯಾಗಿ ನೋಡಿಯೇ ಹೇಳ್ತಿದ್ದೇನೆ.

ತಾಮ್ರದತಂತಿ · 6:50

ಚೆನ್ನಾಗಿ ನೋಡಿದ್ದೀರಿ, ಅರ್ಧ ಕೆಲಸ ಮುಗಿಯಿತು. ನಿಮ್ಮದು ಕೆಳ ಅಂತಸ್ತಿನ ದೋಷವಲ್ಲ.

169.254 ಎಂಬ ವಿಳಾಸವನ್ನು ರೂಟರ್ ಕೊಡುವುದಿಲ್ಲ. ಕಂಪ್ಯೂಟರ್ "ನನಗೊಂದು ವಿಳಾಸ ಕೊಡಿ" ಎಂದು ಡಿಎಚ್‌ಸಿಪಿ ಮೂಲಕ ಕೂಗುತ್ತದೆ, ಯಾರೂ ಓಗೊಡದಿದ್ದರೆ ತನಗೆ ತಾನೇ ಅಂಥದ್ದೊಂದನ್ನು ಇಟ್ಟುಕೊಳ್ಳುತ್ತದೆ. ಅಂದರೆ ನಿಮ್ಮ ಕೂಗು ಹೊರಗೆ ಹೋಗುತ್ತಿಲ್ಲ, ಇಲ್ಲವೇ ಬಂದ ಉತ್ತರ ಒಳಗೆ ಬರುತ್ತಿಲ್ಲ. ತಂತಿ ಸರಿ ಇದೆ, ರೂಟರ್ ಸರಿ ಇದೆ ಎಂದು ತಂಗಿಯ ಕಂಪ್ಯೂಟರ್ ತೋರಿಸಿದೆ. ಇತ್ತೀಚೆಗೆ ಯಾವುದಾದರೂ ಆಂಟಿವೈರಸ್ ಅಥವಾ ವಿಪಿಎನ್ ಹಾಕಿದಿರಾ, ತೆಗೆದಿರಾ?

ಹೊಸಕಲಿಕೆ · 7:02

ಹೌದು, ಒಂದು ಸೆಕ್ಯುರಿಟಿ ಸಾಫ್ಟ್‌ವೇರ್ ಅವಧಿ ಮುಗಿದಿತ್ತು, ಕಳೆದ ವಾರ ತೆಗೆದೆ. ಆದರೆ ಪೂರ್ತಿ ಅನ್‌ಇನ್‌ಸ್ಟಾಲ್ ಆಯಿತು ಅಂತಲೇ ತೋರಿಸಿತ್ತು.

ಕಪ್ಪುಪರದೆ · 7:15

ಹಾಗಾದರೆ ಅಡಾಪ್ಟರಿನ ಪ್ರಾಪರ್ಟೀಸ್ ತೆರೆಯಿರಿ. ಐಪಿವಿ4, ಐಪಿವಿ6 ಎಲ್ಲ ಇರೋ ಆ ಪಟ್ಟಿಯಲ್ಲಿ ಆ ಸಾಫ್ಟ್‌ವೇರಿನ ಹೆಸರಿನ ಫಿಲ್ಟರ್ ಅಂತ ಒಂದು ಸಾಲು ಉಳಿದಿರಬಹುದು. ಬರೋ ಹೋಗೋ ಪ್ರತಿ ಪ್ಯಾಕೆಟ್ಟೂ ಅದರ ಕೈ ದಾಟಬೇಕು, ಯಜಮಾನ ಹೋದ ಮೇಲೆ ಅದು ಬಾಗಿಲು ಹಾಕಿಕೊಂಡು ಕೂತಿರುತ್ತೆ. ಮೊದಲು ಟಿಕ್ ತೆಗೆದು ನೋಡಿ, ವಿಳಾಸ ಬಂದರೆ ಅದನ್ನ ಆರಿಸಿ ಅನ್‌ಇನ್‌ಸ್ಟಾಲ್ ಕೊಟ್ಟು ರೀಸ್ಟಾರ್ಟ್ ಮಾಡಿ. ಆ ಪಟ್ಟಿಯಲ್ಲಿ ಮೈಕ್ರೋಸಾಫ್ಟಿನ ಸಾಲುಗಳನ್ನ ಮುಟ್ಟಬೇಡಿ.

ಹೊಸಕಲಿಕೆ · 7:31

ಟಿಕ್ ತೆಗೆದ ಎರಡೇ ಕ್ಷಣಕ್ಕೆ 192.168 ಬಂತು!! ಒಂದು ವಾರ ತಂಗಿಯ ಕಂಪ್ಯೂಟರಿನ ಮುಂದೆ ಸರದಿ ಕಾದಿದ್ದೆ. ತುಂಬಾ ಧನ್ಯವಾದ.

ಮೇಜಿನಮೂಲೆ · ಭಾನುವಾರ, ಮಧ್ಯಾಹ್ನ 2:40

ಸಿಕ್ಕಿತು. ಎಲ್ಲ ವಿವರವಾಗಿ ಹೇಳ್ತೀನಿ, ಇಷ್ಟು ಜನ ನನಗಾಗಿ ಸಮಯ ಕೊಟ್ಟಿದ್ದೀರಿ.

ರಾತ್ರಿ ಡೆಸ್ಕ್‌ಟಾಪ್ ರೂಟರ್ ಪಕ್ಕ ಇಟ್ಟು ಫೈಲ್ ಎಲ್ಲ ಕಳಿಸಿದೆ, ಬೆಳಗಿನ ಜಾವಕ್ಕೆ ಮುಗಿಯಿತು. ಬೆಳಿಗ್ಗೆ ಸಾಕೆಟ್ ನೋಡೋಣ ಅಂತ ಮೇಜು ಹಿಂದಕ್ಕೆ ಎಳೆದೆ, ಎಳೆದ ಕೂಡಲೇ ನೆನಪಾಯಿತು. ಮಂಗಳವಾರ ಕಸ ಗುಡಿಸೋಕೆ ಇದೇ ಮೇಜನ್ನ ಎಳೆದಿದ್ದೆ, ವಾಪಸ್ ತಳ್ಳುವಾಗ ಎಂದಿಗಿಂತ ಗೋಡೆಗೆ ಅಂಟಿಸಿ ತಳ್ಳಿದ್ದೆ. ಸಾಕೆಟ್ಟಿನಿಂದ ಹೊರಗೆ ಚಾಚಿಕೊಂಡಿದ್ದ ಪ್ಲಗ್ಗಿಗೆ ಮೇಜಿನ ಹಿಂಭಾಗ ಒತ್ತಿ ನಿಂತಿತ್ತು. "ಏನೂ ಬದಲಾಗಿಲ್ಲ" ಅಂತ ನಿಮಗೆ ಬರೆದಿದ್ದೆ, ಅದು ತಪ್ಪು ಮಾಹಿತಿ.

ಮುಚ್ಚಳದ ಒಂದು ಸ್ಕ್ರೂ ಸಡಿಲ ಆಗಿ ಸಾಕೆಟ್ ಪೂರ್ತಿ ಓರೆಯಾಗಿತ್ತು. ಬಿಚ್ಚಿ ಹಿಂದೆ ನೋಡಿದರೆ ಏಳು ತಂತಿ ಸೀಳಿನೊಳಗೆ ಬಿಗಿಯಾಗಿ ಕೂತಿವೆ, ಎಂಟನೆಯದು, ಬರೀ ಕಂದು ಬಣ್ಣದ್ದು, ಅರ್ಧ ಮೇಲೆದ್ದು ಲೋಹದ ಅಂಚಿಗೆ ತಾಗಿಯೂ ತಾಗದ ಹಾಗೆ ನಿಂತಿದೆ. ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದೆ, ಕಂಪ್ಯೂಟರ್ ಕಡೆ ಇದ್ದ ಮನೆಯವರು "ಅದೇ 100" ಅಂದರು. ಪಕ್ಕದವರ ಹತ್ತಿರ ಕೇಬಲ್ ಟೆಸ್ಟರ್ ಇತ್ತು, ತಂದು ಹಾಕಿದೆ: 1ರಿಂದ 7ರವರೆಗೆ ದೀಪ ಒಂದೊಂದಾಗಿ ಬಂತು, 8 ಬರಲಿಲ್ಲ. ಬೆರಳಲ್ಲಿ ಒತ್ತಿದರೆ 8 ಬರುತ್ತೆ, ಬಿಟ್ಟರೆ ಹೋಗುತ್ತೆ.

ಅವರ ಹತ್ತಿರವೇ ತಂತಿಯನ್ನ ಸೀಳಿಗೆ ಒತ್ತಿ ಕೂರಿಸೋ ಪಂಚ್ ಡೌನ್ ಸಾಧನವೂ ಇತ್ತು. ಎಂಟೂ ತಂತಿ ಬಿಡಿಸಿ, ತುದಿ ಕತ್ತರಿಸಿ ಹೊಸದಾಗಿ ಒತ್ತಿದೆ. ಟೆಸ್ಟರಿನಲ್ಲಿ ಎಂಟೂ ಬಂತು. ಖುಷಿಯಿಂದ ಕಂಪ್ಯೂಟರ್ ಹಾಕಿದರೆ ಸ್ಟೇಟಸ್ ಇನ್ನೂ 100 ಎಂಬಿಪಿಎಸ್!

ರಾತ್ರಿಪಾಳಿ · 2:46

ಸ್ಪೀಡ್ ಅಂಡ್ ಡ್ಯುಪ್ಲೆಕ್ಸ್ 100ಕ್ಕೇ ಬಿಟ್ಟಿದ್ದೀರಿ.

ಮೇಜಿನಮೂಲೆ · 2:51

ಹೌದು, ಅದೇ. ರಾತ್ರಿ ರೂಟರ್ ಪಕ್ಕ ಫೈಲ್ ಕಳಿಸುವಾಗಲೂ ಹಾಗೇ ಇತ್ತು ಅಂತ ಈಗ ಗೊತ್ತಾಯಿತು, ಅದಕ್ಕೇ ಬೆಳಗಿನ ಜಾವದವರೆಗೆ ಎಳೆಯಿತು. ಆಟೋ ನೆಗೋಷಿಯೇಷನ್‌ಗೆ ಮರಳಿಸಿದೆ. ದೀಪ ಒಮ್ಮೆ ಆರಿ, ಹತ್ತಿ, ನಿಂತಿತು. 1.0 ಜಿಬಿಪಿಎಸ್.

ಎಂಟುಪಿನ್ನು · 3:20

ಒಳ್ಳೇ ಸುದ್ದಿ. ಎರಡು ವಿಷಯ ನೋಡಿಬಿಡಿ. ಹೊಸದಾಗಿ ಒತ್ತುವಾಗ ಜೋಡಿಗಳ ಹೊಸೆತವನ್ನ ಎಷ್ಟು ಬಿಚ್ಚಿದ್ದೀರಿ? 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಆ ಹೊಸೆತವೇ ಪಕ್ಕದ ಜೋಡಿಯ ಗದ್ದಲವನ್ನ ತಡೆಯೋದು, ಸಾಮಾನ್ಯ ಟೆಸ್ಟರ್ ಇದನ್ನ ಹಿಡಿಯಲ್ಲ, ತಂತಿ ಕೂಡಿದೆಯಾ ಅಂತ ಮಾತ್ರ ಹೇಳುತ್ತೆ. ಇನ್ನೊಂದು, ಕತ್ತರಿಸಿದ ತುಂಡಿನ ತುದಿಯನ್ನ ಬ್ಲೇಡಿನಿಂದ ಕೆರೆದು ನೋಡಿ. ಒಳಗೂ ತಾಮ್ರದ ಬಣ್ಣ ಇದ್ದರೆ ಸರಿ. ಬೆಳ್ಳಗೆ ಕಂಡರೆ ತಾಮ್ರದ ಲೇಪ ಇರೋ ಅಲ್ಯೂಮಿನಿಯಂ, ಅದು ಬಗ್ಗಿದಲ್ಲಿ ಬೇಗ ಮುರಿಯುತ್ತೆ.

ಮೇಜಿನಮೂಲೆ · 4:05

ಕೆರೆದು ನೋಡಿದೆ, ಒಳಗೂ ಕೆಂಪಗೇ ಇದೆ, ತಾಮ್ರವೇ. ಹೊಸೆತ ಮಾತ್ರ ನಾನು ಎರಡು ಸೆಂಟಿಮೀಟರಿನಷ್ಟು ಬಿಚ್ಚಿದ್ದೆ, ಮತ್ತೆ ಬಿಡಿಸಿ ಒತ್ತಿದೆ, ಈ ಸಲ ಸೀಳಿನ ಬಾಯಿವರೆಗೂ ಹೊಸೆದುಕೊಂಡೇ ಹೋಗಿದೆ. ಮುಚ್ಚಳಕ್ಕೆ ಎರಡೂ ಸ್ಕ್ರೂ ಹಾಕಿದೆ. ಮೇಜು ಈಗ ಗೋಡೆಯಿಂದ ಒಂದು ಗೇಣು ದೂರ ಇದೆ, ಚಿಕ್ಕ ಕೇಬಲ್ ಸಡಿಲವಾಗಿ ಕೆಳಗೆ ಇಳಿದು ಬರೋ ಹಾಗೆ ಬಿಟ್ಟಿದ್ದೇನೆ. ಆಗಿನಿಂದ ದೊಡ್ಡ ಡೌನ್‌ಲೋಡ್ ಓಡ್ತಿದೆ, ಹಸಿರು ದೀಪ ಒಂದು ಸಲವೂ ಕಣ್ಣು ಮುಚ್ಚಿಲ್ಲ.